ಲೋಟ ಕುಣಿಸಿದ ಮಂದ್ರ

ಮೈಸೂರಿನ ಆ ಬಾಡಿಗೆ ಮನೆಯ ಅಡುಗೆಮನೆ ಎಷ್ಟು ಚಿಕ್ಕದೆಂದರೆ ಪಾತ್ರೆ ಸ್ಟ್ಯಾಂಡಿಗೆ ಅಲ್ಲಿ ಜಾಗವೇ ಇರಲಿಲ್ಲ. ನಡುಮನೆಯ ಕೊನೆಯ ಗೋಡೆಗೆ ಮೊಳೆ ಹೊಡೆದು ಅದನ್ನು ನೇತುಹಾಕಿದ್ದರು. ಆರು ತಟ್ಟೆ, ನಾಲ್ಕು ಡಬರಿ, ಒಂದರೊಳಗೊಂದು ಕೂರಿಸಿದ ಎಂಟು ಲೋಟ. ಹಗಲೆಲ್ಲ ಸಾಧುಗಳ ಹಾಗೆ ತಣ್ಣಗಿರುತ್ತಿದ್ದ ಈ ಲೋಟಗಳಿಗೆ ಸಂಜೆ ಏಳಾದರೆ ಮೈಮೇಲೆ ಬರುತ್ತಿತ್ತು. ಈ ಲೇಖಕ ಕುರ್ಚಿಯಲ್ಲಿ ಕೂತು, ಹವಾಯನ್ ಗಿಟಾರನ್ನು ತೊಡೆಯ ಮೇಲೆ ಅಡ್ಡಡ್ಡ ಮಲಗಿಸಿಕೊಂಡು, ಎಲ್ಲಕ್ಕಿಂತ ದಪ್ಪನೆಯ ತಂತಿಯನ್ನು ಮೀಟಿದನೋ ಇಲ್ಲವೋ, ಅತ್ತ ಗೋಡೆಯಿಂದ ‘ಝರ್ರ್’ ಎಂಬ ಉತ್ತರ ಬರುತ್ತಿತ್ತು. ಉಳಿದ ಐದು ತಂತಿಗಳಿಗೆ ಲೋಟಗಳು ಮಿಸುಕುತ್ತಲೂ ಇರಲಿಲ್ಲ.

“ರೀ, ನೀವು ನುಡಿಸ್ತಿರೋದು ಅಲ್ಲೋ ಇಲ್ಲೋ?” ಎಂದು ಹೆಂಡತಿ ಸೌಟು ಹಿಡಿದು ಬಾಗಿಲಿಗೆ ಬಂದು ಕೇಳುತ್ತಿದ್ದಳು. ಪ್ರಶ್ನೆ ನ್ಯಾಯವಾದದ್ದೇ. ಆದರೆ ಲೇಖಕನ ಸಂಕಟ ಬೇರೆ ಇತ್ತು. ಲೋಟ ಕುಣಿಸುವಷ್ಟು ಶಕ್ತಿಯಿದ್ದ ಆ ಮಂದ್ರ ಸ್ವರ, ಅದನ್ನು ಹುಟ್ಟಿಸಿದವನ ಕಿವಿಗೇ ಬೀಳುತ್ತಿರಲಿಲ್ಲ! ಕುರ್ಚಿಯಲ್ಲಿ ಕೂತರೆ ತಂತಿಯ ಮೇಲ್ಮೈ ಸದ್ದು ಮಾತ್ರ ಕೇಳುತ್ತಿತ್ತು, ಹೊಟ್ಟೆಯಿಲ್ಲದ ಸದ್ದು. ಹಾಗಾಗಿ ಅವನು ಆಂಪ್ಲಿಫೈಯರಿನ ‘ಬೇಸ್’ ಎಂದು ಬರೆದ ತಿರುಗಣೆಯನ್ನು ಇನ್ನಷ್ಟು ತಿರುಗಿಸುತ್ತಿದ್ದ. ಲೋಟಗಳು ಇನ್ನಷ್ಟು ಕುಣಿಯುತ್ತಿದ್ದವು. ಸೌಟು ಇನ್ನಷ್ಟು ಬೇಗ ಬಾಗಿಲಿಗೆ ಬರುತ್ತಿತ್ತು.

ಹೆಸರಿನಲ್ಲಿ ‘ಸ್ಟೀಲ್’ ಇದೆಯೆಂದು ಸ್ಟೀಲ್ ಗಿಟಾರು ಸ್ಟೀಲಿನದಲ್ಲ. ಎಡಗೈಯಲ್ಲಿ ಹಿಡಿದು ತಂತಿಗಳ ಮೇಲೆ ಜಾರಿಸುವ ಉಕ್ಕಿನ ತುಂಡಿನಿಂದ ಬಂದ ಹೆಸರು ಅದು. ವೀಣೆಗಿರುವಂಥ ಮೆಟ್ಟಿಲು ಇದಕ್ಕಿಲ್ಲ. ಇದ್ದರೂ ಕೆಲಸಕ್ಕಿಲ್ಲ, ಕಣ್ಣಿಗೆ ಗುರುತು ಅಷ್ಟೆ. ಈ ಬಗೆಯ ಜಾರಾಟ ಮೈಸೂರಿನವರಿಗೆ ಹೊಸದೂ ಅಲ್ಲ. ಗೋಟುವಾದ್ಯದ ನಾರಾಯಣ ಅಯ್ಯಂಗಾರ್ಯರು ಇಲ್ಲಿನ ಅರಮನೆಯ ಆಸ್ಥಾನ ವಿದ್ವಾಂಸರಾಗಿದ್ದವರು. ಅವರ ಮೊಮ್ಮಗ, ಅದೇ ವಾದ್ಯವನ್ನು ಚಿತ್ರವೀಣೆಯೆಂಬ ಹೆಸರಿನಲ್ಲಿ ನುಡಿಸುವ ರವಿಕಿರಣ್, 1967ರಲ್ಲಿ ಹುಟ್ಟಿದ್ದು ಈ ಊರಿನಲ್ಲೇ. ಈ ಲೇಖಕನ ವಿದ್ಯೆಗೂ ಆ ಪರಂಪರೆಗೂ ಮೈಸೂರಿನ ಪಿನ್‌ಕೋಡ್ ಬಿಟ್ಟರೆ ಬೇರೇನೂ ಸಂಬಂಧವಿಲ್ಲ.

ಸ್ಟೀಲ್ ಗಿಟಾರಿನ ತವರು ಹವಾಯಿ. ಒವಾಹು ದ್ವೀಪದ ಲಾಯಿಯೆ ಎಂಬ ಊರಿನ ಕಡೆಯ ಜೋಸೆಫ್ ಕೆಕುಕು, ಹುಟ್ಟಿದ್ದು 1874ರಲ್ಲಿ. ಇನ್ನೂ ಶಾಲೆಯ ಹುಡುಗನಾಗಿದ್ದಾಗ ರೈಲು ಹಳಿಯ ಪಕ್ಕ ನಡೆಯುತ್ತ ಬಿದ್ದಿದ್ದ ಬೋಲ್ಟೊಂದನ್ನು ಎತ್ತಿಕೊಂಡ, ಅದು ಗಿಟಾರಿನ ತಂತಿಗೆ ತಾಗಿತು, ಆ ಸದ್ದಿಗೆ ಮರುಳಾದ ಎಂಬುದು ಅಲ್ಲಿನವರು ಹೇಳುವ ಕತೆ. ಅಲ್ಲಿ ಇನ್ನೊಂದು ಕತೆಯೂ ಓಡಾಡುತ್ತದೆ. ಹಡಗಿನವರು ಅಪಹರಿಸಿಕೊಂಡು ಬಂದ ಗೇಬ್ರಿಯಲ್ ಡೇವಿಯನ್ ಎಂಬ ಭಾರತದ ಹುಡುಗ ಅದಕ್ಕೂ ಮೊದಲೇ ಹೀಗೆ ನುಡಿಸುತ್ತಿದ್ದನಂತೆ. ಎರಡನೆಯದನ್ನು ನಂಬಲು ನಮಗೆ ಸ್ವಲ್ಪ ಹೆಚ್ಚು ಆಸೆ. ಆಸೆಯನ್ನು ಸಾಕ್ಷಿ ಎಂದು ಹೇಳಿಕೊಳ್ಳದಿದ್ದರಾಯಿತು. ಕೆಕುಕು ಮಾತ್ರ 1904ರಲ್ಲಿ ಅಮೆರಿಕದ ನೆಲಕ್ಕೆ ಹೋಗಿ ಊರೂರು ಸುತ್ತಿ ನುಡಿಸಿದ. 1915ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ದೊಡ್ಡ ವಸ್ತುಪ್ರದರ್ಶನದಲ್ಲಿ ಹವಾಯಿಯ ಸಂಗೀತ ಕೇಳಿದ ಮೇಲಂತೂ ಅಮೆರಿಕಕ್ಕೆ ಅದರ ಹುಚ್ಚು ಹಿಡಿಯಿತು.

ಹುಚ್ಚು ಹಿಡಿಯಿತು ಸರಿ, ಕೇಳಿಸಬೇಕಲ್ಲ? ಡಾನ್ಸ್ ಹಾಲಿನಲ್ಲಿ ನಾಲ್ಕು ಜನ ತುತ್ತೂರಿ ಊದಿ ಒಬ್ಬ ಡೋಲು ಬಡಿದರೆ ತೊಡೆಯ ಮೇಲಿನ ಗಿಟಾರು ಮೂಗಿಯಾಗುತ್ತಿತ್ತು. 1927ರಲ್ಲಿ ಗಿಟಾರಿನ ಹೊಟ್ಟೆಯೊಳಗೆ ಅಲ್ಯೂಮಿನಿಯಂ ಬೋಗುಣಿಗಳನ್ನಿಟ್ಟು ಸದ್ದು ಹೆಚ್ಚಿಸುವ ಉಪಾಯ ಮಾಡಿದರು. ಅದೂ ಸಾಲದೆಂದು ಜಾರ್ಜ್ ಬೋಶಾಂಪ್ ಎಂಬ ಹವಾಯನ್ ಗಿಟಾರ್ ವಾದಕ ಲಾಸ್ ಏಂಜಲೀಸ್‌ನಲ್ಲಿ ಕುದುರೆಲಾಳದ ಆಕಾರದ ಅಯಸ್ಕಾಂತ ಮತ್ತು ತಾಮ್ರದ ಸುರುಳಿ ಜೋಡಿಸಿ, ಉಕ್ಕಿನ ತಂತಿಯ ಕಂಪನವನ್ನು ವಿದ್ಯುತ್ತಾಗಿಸಿದ. 1932ರಲ್ಲಿ ಅದು ಮಾರಾಟಕ್ಕೆ ಬಂತು. ಎರಕದ ಅಲ್ಯೂಮಿನಿಯಂನ ದುಂಡು ತಲೆ, ಉದ್ದ ಹಿಡಿ. ನೋಡಿದವರೆಲ್ಲ ಅದಕ್ಕೆ ‘ಬಾಣಲೆ’ ಎಂದೇ ಅಡ್ಡಹೆಸರಿಟ್ಟರು. ಪೇಟೆಂಟ್ ಕೈಗೆ ಸಿಗಲು ಮಾತ್ರ 1937ರವರೆಗೆ ಕಾಯಬೇಕಾಯಿತು. ಜಗತ್ತಿನಲ್ಲಿ ಚೆನ್ನಾಗಿ ಮಾರಾಟವಾದ ಮೊದಲ ಎಲೆಕ್ಟ್ರಿಕ್ ಗಿಟಾರ್ ಒಂದು ಬಾಣಲೆ ಎಂದು ಗೊತ್ತಾದ ದಿನ ಲೇಖಕ ಅದನ್ನು ಹೆಂಡತಿಗೆ ಹುರುಪಿನಿಂದ ಹೇಳಿದ. “ಹಾಗಾದರೆ ಅದು ಅಡುಗೆಮನೆ ಸಾಮಾನೇ ಆಯ್ತಲ್ಲ, ಲೋಟ ಮಾತಾಡಿಸದೆ ಇನ್ನೇನು ಮಾಡ್ತವೆ?” ಎಂದಳು.

ಬಾಣಲೆಗೆ ಬಾಣಲೆಯದೇ ಕಷ್ಟವೂ ಇತ್ತು. ವೇದಿಕೆಯ ದೀಪದ ಬಿಸಿಗೆ ಅಲ್ಯೂಮಿನಿಯಂ ಹಿಗ್ಗಿ ಶ್ರುತಿ ಕದಲುತ್ತಿತ್ತು. ಅದಕ್ಕಾಗಿ 1935ರ ಹೊತ್ತಿಗೆ ಬೇಕಲೈಟಿನ ಗಿಟಾರು ಬಂತು. ಹಳೆಯ ಮನೆಗಳಲ್ಲಿ ‘ಟಕ್’ ಎಂದು ಕೆಳಗೆ ಒತ್ತುವ ಕಪ್ಪು ಸ್ವಿಚ್ಚುಗಳಿರುತ್ತಿದ್ದವಲ್ಲ, ಅದೇ ಬೇಕಲೈಟ್. ಜೆರಿ ಬರ್ಡ್ ಎಂಬ ಮಹಾ ವಾದಕ ಅಂಥದ್ದರ ಮೇಲೆ ನುಡಿಸಿದ ಮಂದ್ರ ಕೇಳಿದ ಮೇಲೆ ಲೇಖಕ ತನ್ನ ಅಜ್ಜಿಯ ಮನೆಯ ಸ್ವಿಚ್ಚುಗಳನ್ನು ಗೌರವದಿಂದ ನೆನೆಯತೊಡಗಿದ.

ಇಲ್ಲಿ ಒಂದು ವಿಚಿತ್ರ ನಡೆದುಹೋಗಿತ್ತು, ಯಾರೂ ಅದನ್ನು ವಿಚಿತ್ರವೆಂದು ಅಂದುಕೊಳ್ಳಲಿಲ್ಲ ಅಷ್ಟೆ. ವೀಣೆಗೆ ಕೊಡ ಇರುತ್ತದೆ. ಹಲಸಿನ ಮರವನ್ನು ಕೊರೆದು ಮಾಡಿದ ಆ ಕೊಡವೇ ಮಂದ್ರದ ತಂತಿಗೆ ಮೈ ತುಂಬುವುದು. ಕೊಡ ಕಟ್ಟಿದವನ ಕೈಗುಣ ಸ್ವರದಲ್ಲಿ ಕೇಳುತ್ತದೆ. ಎಲೆಕ್ಟ್ರಿಕ್ ಸ್ಟೀಲ್ ಗಿಟಾರಿಗೆ ಕೊಡವಿಲ್ಲ. ಅದು ಗಟ್ಟಿ ಹಲಗೆ; ಪ್ಲಗ್ ಹಾಕದೆ ಮೀಟಿದರೆ ಸೊಳ್ಳೆ ಹಾರಿದಷ್ಟೇ ಸದ್ದು. ಅದರ ಕೊಡವನ್ನು ಕಿತ್ತು, ಹತ್ತಡಿ ವೈರು ಎಳೆದು, ಕೋಣೆಯ ಮೂಲೆಯಲ್ಲಿ ಇಟ್ಟಿದ್ದಾರೆ. ಆಂಪ್ಲಿಫೈಯರ್ ಎಂದರೆ ಸದ್ದು ಹೆಚ್ಚಿಸುವ ಪೆಟ್ಟಿಗೆ ಎಂದು ಲೇಖಕ ಎಷ್ಟೋ ವರ್ಷ ತಿಳಿದಿದ್ದ. ಅದು ವಾದ್ಯದ ಅರ್ಧ ದೇಹ. ಕೊಡಕ್ಕೆ ಬೆನ್ನಿನ ಹಲಗೆಯಿಲ್ಲದಿದ್ದರೆ? ಕೊಡವನ್ನು ಮೂಲೆಗೆ ತಳ್ಳಿದರೆ? ಕೊಡಕ್ಕೆ ಉಸಿರು ಸಾಲದಿದ್ದರೆ? ವೀಣೆಯ ಬಗ್ಗೆ ಯಾರೂ ಕೇಳದ ಇಂಥ ಪ್ರಶ್ನೆಗಳನ್ನು ಸ್ಟೀಲ್ ಗಿಟಾರಿನವರು ದಿನಾ ಕೇಳಿಕೊಳ್ಳುತ್ತಾರೆ.

ಈ ಮಾತು ಮೊದಲು ಹೊಳೆದವರ ಪೈಕಿ ಕ್ಯಾಲಿಫೋರ್ನಿಯಾದ ಫುಲ್ಲರ್ಟನ್ ಊರಿನಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದ ಲಿಯೋ ಫೆಂಡರ್ ಒಬ್ಬ. ಗಿಟಾರಿನ ಚರಿತ್ರೆಯಲ್ಲಿ ದೇವರಂತಿರುವ ಈ ಮನುಷ್ಯನಿಗೆ ಗಿಟಾರು ನುಡಿಸಲು ಬರುತ್ತಿರಲಿಲ್ಲ. (ನುಡಿಸಲು ಬಾರದ ಇತರರಿಗೂ ಇದರಿಂದ ಧೈರ್ಯ ಬರುತ್ತದೆ.) ಅವನು 1945ರಲ್ಲಿ ಡಾಕ್ ಕಾಫ್‌ಮನ್ ಎಂಬ ಜೊತೆಗಾರನೊಂದಿಗೆ ಕೂಡಿ ಮೊದಲು ಮಾಡಿದ್ದು ಈಗ ಎಲ್ಲರ ಕೊರಳಿನಲ್ಲಿ ನೇತಾಡುವ ಗಿಟಾರನ್ನಲ್ಲ. ತೊಡೆಯ ಮೇಲಿಡುವ ಸ್ಟೀಲ್ ಗಿಟಾರನ್ನು, ಮತ್ತು ಅದರ ಜೊತೆಗೊಂದು ಆಂಪ್ಲಿಫೈಯರನ್ನು. ಎರಡನ್ನೂ ಜೋಡಿಯಾಗಿ ಮಾರುತ್ತಿದ್ದರು, ವೀಣೆಯನ್ನು ಕೊಡದ ಸಮೇತ ಮಾರುವ ಹಾಗೆ. ಮರುವರ್ಷವೇ ಅವನ ಒಂದು ಆಂಪ್‌ನಲ್ಲಿ 15 ಅಂಗುಲದ ಸ್ಪೀಕರ್ ಕೂತಿತ್ತು.

ನಮ್ಮ ದೇಶಕ್ಕೆ ಈ ವಾದ್ಯ ಹಡಗಿನಲ್ಲೇ ಬಂತು. ಕೆಕುಕುವಿನ ಊರಾದ ಲಾಯಿಯೆಯಲ್ಲೇ ಬೆಳೆದ ಟಾವ್ ಮೋ ಎಂಬ ವಾದಕ ಹೆಂಡತಿ ಮಕ್ಕಳೊಂದಿಗೆ ದೇಶದೇಶ ಸುತ್ತುತ್ತ, ಎರಡನೇ ಮಹಾಯುದ್ಧದ ಕಾಲಕ್ಕೆ ಕಲ್ಕತ್ತೆಯಲ್ಲಿ ನೆಲೆಯೂರಿದ್ದ. ಅಲ್ಲಿಂದ ಆ ಜಾರುದನಿ ಬಂಗಾಳದ ಮನೆಮನೆಗೆ ಹೋಯಿತು, ಹಿಂದಿ ಸಿನಿಮಾದ ಹಾಡುಗಳೊಳಕ್ಕೆ ನುಸುಳಿತು. ವ್ಯಾನ್ ಶಿಪ್ಲಿ, ಸುನಿಲ್ ಗಂಗೂಲಿಯವರ ರೆಕಾರ್ಡುಗಳಲ್ಲಿ ಸಿನಿಮಾ ಹಾಡುಗಳನ್ನು ಗಿಟಾರೇ ಹಾಡಿತು. ಬ್ರಿಜ್‌ಭೂಷಣ್ ಕಾಬ್ರಾ ಅದನ್ನು ರಾಗದ ಮನೆಗೆ ಕರೆದೊಯ್ದರು. ಶಿವಕುಮಾರ ಶರ್ಮ, ಹರಿಪ್ರಸಾದ್ ಚೌರಾಸಿಯಾ ಅವರೊಂದಿಗೆ 1967ರಲ್ಲಿ ಬಂದ ‘ಕಾಲ್ ಆಫ್ ದಿ ವ್ಯಾಲಿ’ ಇಲ್ಲದ ರೆಕಾರ್ಡು ಪೆಟ್ಟಿಗೆಯೇ ಆ ಕಾಲದಲ್ಲಿ ವಿರಳ. ಈಗ ನಮ್ಮ ಬೆಂಗಳೂರಿನ ಪ್ರಕಾಶ್ ಸೊಂಟಕ್ಕೆಯವರು ಹಿಂದೂಸ್ತಾನಿಯನ್ನು ಹೀಗೇ ಜಾರಿಸಿ ನುಡಿಸುತ್ತಾರೆ.

ಇವೆಲ್ಲ ಲೇಖಕನಿಗೆ ಆಮೇಲೆ ಗೊತ್ತಾದ ಹೆಸರುಗಳು. ನಂಜನಗೂಡಿನ ಆಚೆಯ ಹಳ್ಳಿಯ ಆ ಹುಡುಗನಿಗೆ ಹವಾಯನ್ ಗಿಟಾರ್ ಎಂದರೆ ರೇಡಿಯೋದಲ್ಲಿ ಒಂದು ಕಾರ್ಯಕ್ರಮ ಮುಗಿದು ಇನ್ನೊಂದು ಶುರುವಾಗುವ ಮುಂಚೆ ಎರಡು ನಿಮಿಷ ತೇಲಿಬರುತ್ತಿದ್ದ ಒಂದು ನಿಡುಸುಯ್ಲು. ಹೆಸರು ಹೇಳದ, ಹೇಳಿದರೂ ಯಾರೂ ಕೇಳಿಸಿಕೊಳ್ಳದ ಸಂಗೀತ. ಅಷ್ಟರಲ್ಲಿ ಅಪ್ಪ ಕೃಷಿರಂಗಕ್ಕೆ ಕಿವಿಗೊಡಲು ಕೈಸನ್ನೆ ಮಾಡುತ್ತಿದ್ದರು, ಆ ಸುಯ್ಲು ಅರ್ಧಕ್ಕೇ ನಿಲ್ಲುತ್ತಿತ್ತು. ಆಕಾಶವಾಣಿ ಎಂಬ ಹೆಸರನ್ನು ಬಾನುಲಿಗೆ ಮೊದಲು ಹಚ್ಚಿದ ಊರೂ ಮೈಸೂರೇ. 1935ರಲ್ಲಿ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಶುರುಮಾಡಿದ ಎಂ. ವಿ. ಗೋಪಾಲಸ್ವಾಮಿ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರು. ಕಿವಿ ಹೇಗೆ ಮನುಷ್ಯನಿಗೆ ಮೋಸ ಮಾಡುತ್ತದೆ ಎಂಬುದು ಅವರಿಗೆ ಗೊತ್ತಿದ್ದಿರಲೇಬೇಕು.

ಮೋಸ ಏನೆಂದರೆ, ಅಂಗೈಯಗಲದ ಟ್ರಾನ್ಸಿಸ್ಟರಿನ ಸ್ಪೀಕರು ಆ ದಪ್ಪ ತಂತಿಯ ಮೂಲ ಕಂಪನವನ್ನು ಹೊರಡಿಸಲಾರದು. ಲೇಖಕನ ಗಿಟಾರಿನ ಮಂದ್ರದ ಡಿ ತಂತಿ ಸೆಕೆಂಡಿಗೆ ಸುಮಾರು 73 ಸಲ ನಡುಗುತ್ತದೆ. ಜೊತೆಜೊತೆಗೆ 147, 220, 294ರ ಮರಿಕಂಪನಗಳೂ ಹುಟ್ಟುತ್ತವೆ. ಪುಟ್ಟ ಸ್ಪೀಕರಿನಿಂದ ತಾಯಿ ಹೊರಬರುವುದಿಲ್ಲ, ಮರಿಗಳು ಬರುತ್ತವೆ. ಮಿದುಳು ಮರಿಗಳ ನಡುವಿನ ಅಂತರ ಲೆಕ್ಕಹಾಕಿ, ತಾಯಿ ಇಲ್ಲೇ ಎಲ್ಲೋ ಇರಬೇಕೆಂದು ತಾನೇ ಕಲ್ಪಿಸಿಕೊಳ್ಳುತ್ತದೆ. ಹುಡುಗ ವರ್ಷಗಟ್ಟಲೆ ಕೇಳಿ ಮೆಚ್ಚಿದ ಮಂದ್ರ ಅವನ ತಲೆಯೊಳಗೇ ತಯಾರಾದದ್ದು. ಮುಂದೆ ನಿಜವಾದ 73 ಎದುರಾದಾಗ ಅವನಿಗೆ ಅದು ಒರಟೆನ್ನಿಸಿದ್ದರೆ ಆಶ್ಚರ್ಯವೇನು?

ಹಳ್ಳಿಯ ಮದುವೆಗಳಲ್ಲಿ ಕಲ್ಪನೆಗೂ ದಾರಿ ಇರಲಿಲ್ಲ. ತೆಂಗಿನ ಮರದ ತುದಿಗೆ ಕಟ್ಟಿದ ಹಾರ್ನ್ ಸ್ಪೀಕರು ತಮಟೆಯನ್ನೂ ತಗಡು ಮಾಡುತ್ತಿತ್ತು. ಹಾರ್ನಿನ ಬಾಯಿ ಎಷ್ಟು ಅಗಲವೋ ಅಷ್ಟಕ್ಕೆ ತಕ್ಕ ಅಲೆ ಮಾತ್ರ ಅದರಿಂದ ಹೊರಡುತ್ತದೆ. ಮಂದ್ರದ ಅಲೆ ಹದಿನೈದಡಿ ಉದ್ದ. ಅದನ್ನು ಊದಬಲ್ಲ ಹಾರ್ನು ಬೇಕಾದರೆ ಮರವನ್ನೇ ಕಡಿಯಬೇಕು. ಮೈಕ್‌ಸೆಟ್ಟಿನ ಅಣ್ಣನನ್ನು ಹುಡುಗ ಒಮ್ಮೆ ಕೇಳಿದ್ದ: “ಅಣ್ಣ, ಚಪ್ಪರದೊಳಗಿರೋ ಬಾಕ್ಸ್‌ನಾಗೆ ‘ದುಂ’ ಅಂತದಲ್ಲ, ಮರದ್‌ ಮೇಲಿಂದು ಯಾಕಂಗೆ ‘ಕ್ಯಾಂ’ ಅಂತದೆ?” ಬೀಡಿ ಕಚ್ಚಿಕೊಂಡು ವೈರಿನ ತುದಿ ಹಲ್ಲಿನಲ್ಲಿ ಸುಲಿಯುತ್ತಿದ್ದ ಅಣ್ಣ ಹೇಳಿದ: “ಹಾರ್ನು ಊರ್ಗೆ ಕಣಪ್ಪ, ಬಾಕ್ಸು ಚಪ್ಪರಕ್ಕೆ. ದುಂ ಅನ್ನೋದು ಗಡಿ ದಾಟಕಿಲ್ಲ.” ಲೇಖಕ ಆಮೇಲೆ ಓದಿದ ಪುಸ್ತಕಗಳು ಇದನ್ನೇ ಹತ್ತು ಪುಟ ಹೇಳಿದವು.

ದುಂ ಎಂಬುದಕ್ಕೆ ಅತಿ ಹೆಚ್ಚು ತಲೆ ಕೆಡಿಸಿಕೊಂಡವರು ಅಮೆರಿಕದ ಪೆಡಲ್ ಸ್ಟೀಲ್ ಗಿಟಾರಿನವರು. ತೊಡೆಯ ಮೇಲಿನ ವಾದ್ಯಕ್ಕೆ ಕಾಲು ಬಂದು, ಮೇಜಾಗಿ, ಕೆಳಗೆ ಪೆಡಲುಗಳು ಕೂಡಿಕೊಂಡವು. 1954ರ ‘ಸ್ಲೋಲಿ’ ಹಾಡಿನಲ್ಲಿ ಬಡ್ ಐಸಾಕ್ಸ್ ಪೆಡಲ್ ಒತ್ತಿ ತಂತಿಯನ್ನು ಜಗ್ಗಿದ್ದೇ ನೆಪ, ನ್ಯಾಶ್‌ವಿಲ್‌ನ ವಾದಕರೆಲ್ಲ ತಮ್ಮ ಗಿಟಾರುಗಳಿಗೆ ಪೆಡಲ್ ಹಾಕಿಸಿಕೊಳ್ಳಲು ಓಡಿದರು. ಈ ವಾದ್ಯಕ್ಕೆ ಹಲವು ಸಲ ಎರಡು ಕತ್ತು, ಒಂದೊಂದಕ್ಕೂ ಹತ್ತು ತಂತಿ. ಮುಂದಿನ ಕತ್ತಿಗೆ ಇ9 ಶ್ರುತಿ, ಅಳುವ ಹಾಡುಗಳಿಗೆ. ಅದರ ಅತಿ ಕೆಳಗಿನ ತಂತಿ ಸೆಕೆಂಡಿಗೆ 123 ಕಂಪನದಲ್ಲೇ ನಿಲ್ಲುತ್ತದೆ. ಹಿಂದಿನ ಕತ್ತಿಗೆ ಸಿ6 ಶ್ರುತಿ, ಜಾಜಿನ ಗತ್ತಿಗೆ. ಅದರ ಹತ್ತನೇ ತಂತಿ 65ಕ್ಕೆ ಇಳಿಯುತ್ತದೆ, ಒಂದು ಪೆಡಲ್ ಒತ್ತಿದರೆ ಇನ್ನೂ ಜಾರಿ 55ಕ್ಕೆ. ಆ ಪೆಡಲಿಗೆ ಅವರು ‘ಬೂ-ವಾ’ ಎನ್ನುತ್ತಾರೆ, ಅದು ಹೊರಡಿಸುವ ಸದ್ದೇ ಅದರ ಹೆಸರು. ಎಮ್ಮೆ ಕರುವನ್ನು ಕರೆದ ಹಾಗಿರುತ್ತದೆ. ಬಡ್ಡಿ ಎಮನ್ಸ್ ಅಂಥವರ ಕೈಯಲ್ಲಿ ಎಮ್ಮೆಯೂ ಐರಾವತವಾಗುತ್ತದೆ ಎನ್ನುವುದು ಬೇರೆ ಮಾತು.

ಒಂದೇ ಆಂಪ್ಲಿಫೈಯರು ಈ ಎರಡು ಕತ್ತುಗಳಿಗೂ ಒದಗಬೇಕು. ಒಂದಕ್ಕೆ ಸರಿಹೊಂದಿಸಿದರೆ ಇನ್ನೊಂದು ಕೆಸರಾಗುತ್ತದೆ. 12 ಅಂಗುಲದ ಎರಡು ಸ್ಪೀಕರು, 85 ವ್ಯಾಟು ಇದ್ದ ಫೆಂಡರಿನ ಟ್ವಿನ್ ರಿವರ್ಬ್ 1963ರಲ್ಲಿ ಬಂದಾಗ ಬಹಳ ವಾದಕರು ಅದನ್ನು ಅಪ್ಪಿಕೊಂಡರು. ಕೆಲವರು ಬದಲಿಗೆ ಜೆಬಿಎಲ್ ಕಂಪನಿಯ 15 ಅಂಗುಲದ ಡಿ-130 ಸ್ಪೀಕರಿನ ಮೊರೆ ಹೋದರು. ಹದಿನೈದು ಎಂದೊಡನೆ ಬೇಸಿಗಾಗಿ ಎಂದುಕೊಳ್ಳುತ್ತೇವೆ. ಆ ಸ್ಪೀಕರಿನ ನಡುವೆ ಒಂದು ಅಲ್ಯೂಮಿನಿಯಂ ಗುಬ್ಬಟೆ ಇದೆ, ಅದು ತಾರಕವನ್ನು ಮಿನುಗಿಸುತ್ತದೆ. ಮೇಲಿನದು ಮಿನುಗಿದರೆ ಕೆಳಗಿನ ತಂತಿಯ ಅಂಚೂ ಕೇಳುತ್ತದೆ. ಅಂಚು ಕೇಳಿದರೆ ಅದು ಸ್ವರ, ಕೇಳದಿದ್ದರೆ ಬರೀ ಗುಂಯ್.

ವ್ಯಾಟಿನ ಮಾತಂತೂ ಹೊರಗಿನವರಿಗೆ ದುರಾಸೆಯಂತೆ ಕಾಣುತ್ತದೆ. ಕಿರುಚುವ ರಾಕ್ ಗಿಟಾರಿನವನು 20 ವ್ಯಾಟಿನಲ್ಲಿ ಊರೆಬ್ಬಿಸುತ್ತಾನೆ, ಬಿಕ್ಕಿಬಿಕ್ಕಿ ಅಳುವ ಸ್ಟೀಲ್ ಗಿಟಾರಿನವನಿಗೆ 200 ವ್ಯಾಟು ಯಾಕೆ? ರಾಕ್‌ನವನಿಗೆ ಸದ್ದು ಹರಿದರೆ ಹಬ್ಬ, ಇವನಿಗೆ ಹರಿದರೆ ಸೂತಕ. ಮಂದ್ರದ ಸ್ವರ ವಿದ್ಯುತ್ತನ್ನು ತಿನ್ನುವುದು ಹೆಚ್ಚು. ಆಂಪಿಗೆ ಉಸಿರು ಕಟ್ಟಿದರೆ ಆ ದಪ್ಪ ಸ್ವರದ ಏದುಸಿರು ಜೊತೆಯಲ್ಲಿರುವ ಸಣ್ಣ ಸ್ವರಗಳ ಮೇಲೂ ಬಿದ್ದು ಇಡೀ ಮೇಳೈಕೆ ಕಲಸಿದ ಮುದ್ದೆಯಾಗುತ್ತದೆ. ಮಿಸ್ಸಿಸ್ಸಿಪ್ಪಿಯ ಮೆರಿಡಿಯನ್ ಊರಿನ ಪೀವಿ ಕಂಪನಿ ನ್ಯಾಶ್‌ವಿಲ್ 400 ಎಂಬ ಆಂಪನ್ನು ಮಾಡಿದ್ದು ಈ ಜನರ ಕಣ್ಣೊರೆಸಲೆಂದೇ. 210 ವ್ಯಾಟು, 15 ಅಂಗುಲದ ಒಂದೇ ಸ್ಪೀಕರು. ಅದನ್ನು ಎತ್ತುವವನ ಸೊಂಟ ಮಾತ್ರ ಅವನದೇ ಜವಾಬ್ದಾರಿ. ಅದರಲ್ಲಿ ನಡುದನಿಗೆ ಎರಡು ತಿರುಗಣೆ ಇವೆ. ಒಂದನ್ನು ಸೆಕೆಂಡಿಗೆ 800 ಕಂಪನದ ಹತ್ತಿರ ನಿಲ್ಲಿಸಿ, ಇನ್ನೊಂದರಿಂದ ಅಲ್ಲಿನ ಸದ್ದನ್ನು ತಗ್ಗಿಸುವುದು ವಾದಕರಲ್ಲಿ ಬಾಯಿಂದ ಬಾಯಿಗೆ ಬಂದ ಮದ್ದು. ಬೇಸನ್ನು ಮುಟ್ಟುವುದೇ ಇಲ್ಲ. ನಡುವಿನ ಗದ್ದಲ ಇಳಿದರೆ ಕೆಳಗಿನದು ತಾನಾಗಿ ಮೇಲೆದ್ದು ಕಾಣುತ್ತದೆ, ಸಂತೆ ಮುಗಿದ ಮೇಲೆ ದೇವಸ್ಥಾನದ ಗಂಟೆ ಕೇಳಿದ ಹಾಗೆ.

ಮೈಸೂರಿನ ನಡುಮನೆಯಲ್ಲಿ ಇಂಥ ಸೂಕ್ಷ್ಮಗಳಿರಲಿಲ್ಲ. ಯಾರೋ ಮದುವೆ ಆರ್ಕೆಸ್ಟ್ರಾದವರು ಮಾರಿದ ಸೆಕೆಂಡ್‌ಹ್ಯಾಂಡ್ ಆಂಪು, 12 ಅಂಗುಲದ ಸ್ಪೀಕರು, ಬೆನ್ನಿಗೆ ಹಲಗೆಯಿಲ್ಲ. ಬೆನ್ನು ತೆರೆದ ಪೆಟ್ಟಿಗೆಯಲ್ಲಿ ಸ್ಪೀಕರು ಮುಂದಕ್ಕೆ ಗಾಳಿ ತಳ್ಳುವಾಗ ಹಿಂದಿನಿಂದ ಗಾಳಿ ಎಳೆದುಕೊಳ್ಳುತ್ತದೆ. ಮಂದ್ರದ ಅಲೆಗಳು ಪೆಟ್ಟಿಗೆಯನ್ನು ಬಳಸಿ ಬಂದು, ಹಿಂದಿನದು ಮುಂದಿನದನ್ನು ನುಂಗಿಬಿಡುತ್ತದೆ. ಅಂಥ ಆಂಪಿನಲ್ಲಿ ಬೇಸ್ ತೆಳುವಾಗಿರುವುದು ಹುಟ್ಟುಗುಣ. ಇದನ್ನರಿಯದ ಲೇಖಕ ಅದನ್ನು ಮೂಲೆಗೆ ನೂಕಿದ. ಎರಡು ಗೋಡೆ, ಒಂದು ನೆಲ ಮೂರೂ ಸೇರಿ ಬೇಸನ್ನು ಎತ್ತಿ ಎತ್ತಿ ಮುಂದಕ್ಕೆಸೆದವು. ಬಿಟ್ಟ ಹೊಲಕ್ಕೆ ನೀರು ಬಂತೆಂದು ಹಿಗ್ಗಿದ. ನೀರು ಹೋದದ್ದು ಲೋಟಗಳ ಕಡೆಗೆ.

ರಾತ್ರಿ ಇನ್ನೊಂದು ಗೊಂದಲ. ಕೆಳಗಿನ ಮನೆಯವರು ಮಲಗಿದ ಮೇಲೆ ಸದ್ದು ತಗ್ಗಿಸಿದರೆ ಮಂದ್ರ ಪೂರ್ತಿ ಮಾಯ. ಆಂಪು ಕೆಟ್ಟಿತೆಂದು ಬಿಚ್ಚಿ ನೋಡಿದ್ದೂ ಉಂಟು. ಕೆಟ್ಟದ್ದು ಆಂಪಲ್ಲ. ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ತೋರಿಸಿಕೊಟ್ಟಿದ್ದರು, ಮೆಲುದನಿಯಲ್ಲಿ ಮನುಷ್ಯನ ಕಿವಿ ಕೆಳಗಿನ ಸ್ವರಗಳಿಗೆ ಹೆಚ್ಚುಕಡಿಮೆ ಕಿವುಡು ಎಂದು. ಆಂಪು ಬಿಚ್ಚಿದ್ದಕ್ಕೆ ಬದಲು ಅದನ್ನು ಓದಿದ್ದರೆ ಒಂದು ಸ್ಕ್ರೂ ಉಳಿಯುತ್ತಿತ್ತು.

ಕಾಲಡಿಯ ವಾಲ್ಯೂಮ್ ಪೆಡಲಿನದೂ ಒಂದು ಕಪಟ. ಅದನ್ನು ಅರ್ಧ ಒತ್ತಿ ನುಡಿಸಿದಾಗ ‘ಆಹಾ, ಏನು ತುಂಬು ಬೇಸು’ ಎಂದು ಲೇಖಕ ತಲೆದೂಗುತ್ತಿದ್ದ. ಬೇಸು ಎಳ್ಳಷ್ಟೂ ಹೆಚ್ಚಿರಲಿಲ್ಲ. ಪೆಡಲಿನೊಳಗಿನ ತಡೆಯೂ ಉದ್ದ ವೈರೂ ಸೇರಿ ಮೇಲಿನ ಮಿನುಗನ್ನು ನುಂಗಿದ್ದವು. ಪಕ್ಕದವನನ್ನು ಕುಳ್ಳಗೆ ಮಾಡಿ ತಾನು ಎತ್ತರವಾಗುವುದು ಇದೇ. ಇನ್ನು ಆಂಪಿನೊಳಗೆ ಮಾರ್ದನಿಗಾಗಿ ಇಟ್ಟಿದ್ದ ಸ್ಪ್ರಿಂಗುಗಳ ವಿಚಾರ ಹೇಳದಿರುವುದೇ ಮೇಲು. ಮೂಲೆಯಿಂದ ಆಂಪನ್ನು ಆನ್ ಇಟ್ಟುಕೊಂಡೇ ಎಳೆಯಹೋಗಿ, ಸ್ಪ್ರಿಂಗು ಅಲುಗಿ, ಮಾರ್ಚ್ ತಿಂಗಳ ಒಣ ಮಧ್ಯಾಹ್ನ ಮನೆಯೊಳಗೆ ಗುಡುಗು ಹುಟ್ಟಿತು. ಕೆಳಗಿನ ಮನೆಯ ಅಜ್ಜಿ ಒಣಹಾಕಿದ್ದ ಹಪ್ಪಳ ಬಾಚಿಕೊಂಡು ಒಳಗೋಡಿದರು.

ಹೀಗಿರುವಾಗ ಮೊಮ್ಮಗಳ ಮದುವೆಯ ಕಾಗದ ಹಿಡಿದು ಮೈಕ್‌ಸೆಟ್ಟಿನ ಅಣ್ಣ ಮನೆಗೆ ಬಂದ. ತಲೆ ಬೆಳ್ಳಗಾಗಿತ್ತು, ಬೀಡಿ ಬಿಟ್ಟಿದ್ದ, ಕಿವಿ ಮಾತ್ರ ಹಾಗೇ ಇತ್ತು. ಕಾಫಿ ಕುಡಿಯುತ್ತ ಎರಡು ನಿಮಿಷ ಗಿಟಾರ್ ಕೇಳಿದ, ಎದ್ದ. ಲೇಖಕನಿಗೆ ಆ ಡಿ ತಂತಿಯನ್ನೇ ಮೀಟುತ್ತಿರು ಎಂದು ಹೇಳಿ ಕೋಣೆಯ ಉದ್ದಕ್ಕೂ ನಡೆದ. ಗೋಡೆಗೆ ಹೋಗಿ ನಿಂತು ತಲೆಯಾಡಿಸಿದ. ನಡುಮಧ್ಯಕ್ಕೆ ಬಂದು ತಲೆಯಾಡಿಸಿದ. ಆಮೇಲೆ ಲೇಖಕನ ಕುರ್ಚಿಯ ಪಕ್ಕ ಬಂದು ಬಗ್ಗಿ, ಕಿವಿ ಕೊಟ್ಟು, ನಕ್ಕ.

“ಎಲ್ಲಾ ಕಡೆಗೂ ಅದೆ. ನೀ ಕುಂತಿರೋ ಜಾಗದಲ್ಲೇ ಇಲ್ಲ ಕಣಪ್ಪ.”

ಅವನು ಹೋದ ಮೇಲೆ ಲೇಖಕ ಟೇಪು ತಂದು ಅಳೆದ. ಗೋಡೆಯಿಂದ ಗೋಡೆಗೆ 15 ಅಡಿ 4 ಅಂಗುಲ. ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 343 ಮೀಟರು ಓಡುತ್ತದೆ. ಅದನ್ನು 73ರಿಂದ ಭಾಗಿಸಿದರೆ ಮಂದ್ರದ ಡಿ ಸ್ವರದ ಒಂದು ಪೂರ್ತಿ ಅಲೆಯ ಉದ್ದ ಸಿಗುತ್ತದೆ: ನಾಲ್ಕೂಮುಕ್ಕಾಲು ಮೀಟರಿಗೆ ಚೂರು ಕಡಿಮೆ, ಅಂದರೆ ಆ ನಡುಮನೆಯಷ್ಟೇ. ಮನೆ ಕಟ್ಟಿಸಿದ ಪುಣ್ಯಾತ್ಮರು ಅರಿವಿಲ್ಲದೆ ಲೇಖಕನ ಆರನೇ ತಂತಿಯ ಅಳತೆ ತೆಗೆದುಕೊಂಡೇ ಪಾಯ ತೋಡಿಸಿದ್ದರು. ಅಲೆ ಹೀಗೆ ಕೋಣೆಯಲ್ಲಿ ಸರಿಯಾಗಿ ಹಿಡಿಸಿ ನಿಂತರೆ ಎರಡು ಗೋಡೆಗಳ ಬಳಿಯೂ ನಟ್ಟನಡುವೆಯೂ ಸದ್ದು ಮೊರೆಯುತ್ತದೆ. ಗೋಡೆಯಿಂದ ಕಾಲುಭಾಗ ದೂರದಲ್ಲಿ ಇಲ್ಲವೆನ್ನುವಷ್ಟು ಕಡಿಮೆಯಾಗುತ್ತದೆ. ಪಾತ್ರೆ ಸ್ಟ್ಯಾಂಡು ಗೋಡೆಯ ಮೇಲೆ. ಕುರ್ಚಿ ಗೋಡೆಯಿಂದ ನಾಲ್ಕಡಿ. ವರ್ಷಗಟ್ಟಲೆ ಒಬ್ಬ ಮನುಷ್ಯ ಇಡೀ ಮನೆಯಲ್ಲಿ ಮಂದ್ರವಿಲ್ಲದ ಜಾಗವನ್ನು ಹುಡುಕಿ ಹಿಡಿದು ಅಲ್ಲೇ ಕೂತು ಮಂದ್ರವಿಲ್ಲವೆಂದು ಗೊಣಗಿದ್ದ.

ಇದೇ ಊರಿನಲ್ಲಿ ಇದಕ್ಕಿಂತ ದೊಡ್ಡ ನಡುಮನೆಯಲ್ಲಿ ಇದಕ್ಕಿಂತ ದೊಡ್ಡ ಪ್ರಯೋಗಗಳು ನಡೆದಿದ್ದವು. ಜಯಚಾಮರಾಜ ಒಡೆಯರ್ ಪಾಶ್ಚಾತ್ಯ ಸಂಗೀತದ ಹುಚ್ಚಿನವರು. ಲಂಡನ್ನಿನ ಫಿಲ್ಹಾರ್ಮೋನಿಯಾ ಸಂಗೀತ ಸಂಘಕ್ಕೆ 1948ರಲ್ಲಿ ಮೊದಲ ಅಧ್ಯಕ್ಷರಾದವರು, ರಷ್ಯದ ಮೆಟ್ನರ್ ರಚನೆಗಳನ್ನು ರೆಕಾರ್ಡು ಮಾಡಿಸಲು ಹಣ ಕೊಟ್ಟವರು. ಅವರನ್ನು ಕಾಣಲು ಬಂದ ರೆಕಾರ್ಡಿಂಗ್ ನಿರ್ಮಾಪಕ ವಾಲ್ಟರ್ ಲೆಗ್ ಆಮೇಲೆ ನೆನೆದದ್ದು ಅರಮನೆಯ ರೆಕಾರ್ಡುಗಳ ಭಂಡಾರವನ್ನು, ದೊಡ್ಡ ಪಿಯಾನೋಗಳನ್ನು, ಜೊತೆಗೆ ಬಗೆಬಗೆಯ ಲೌಡ್‌ಸ್ಪೀಕರುಗಳನ್ನು. ಲೇಖಕನಿಗೆ ಆ ಕೊನೆಯ ವಿವರವೇ ಹೆಚ್ಚು ಕಾಡುತ್ತದೆ. ಇಪ್ಪತ್ತರ ಕೊನೆಯಲ್ಲಿದ್ದ ಮಹಾರಾಜರು ಒಂದೊಂದೇ ಸ್ಪೀಕರನ್ನು ಅಲ್ಲಿಂದಿಲ್ಲಿಗೆ ಸರಿಸಿ, ದೂರ ಹೋಗಿ ನಿಂತು ಕೇಳಿ, ಮತ್ತೆ ಸರಿಸಿರಬೇಕು ಎಂದು ಅವನ ಊಹೆ. ಸರಿಸಲು ಆಳುಗಳಿದ್ದರೆನ್ನುವುದು ಬಿಡಿ. ಅರಮನೆಯಲ್ಲಿ ಯಾವ ಸ್ವರಕ್ಕೆ ಯಾವ ಬೆಳ್ಳಿಯ ಲೋಟ ಝರ್ರ್ ಎಂದಿತು, ಯಾವ ಮಹಾರಾಣಿ ಬಾಗಿಲಿಗೆ ಬಂದು ನಿಂತರು, ಅದನ್ನು ಯಾರೂ ಬರೆದಿಡಲಿಲ್ಲ.

ಅಣ್ಣ ಹೋಗುವ ಮೊದಲು ಮಾಡಿದ ಚಿಕಿತ್ಸೆ ಸರಳವಾಗಿತ್ತು. ಲೇಖಕನನ್ನು ಕುರ್ಚಿಯಿಂದ ಎಬ್ಬಿಸಿದ. ಆಂಪನ್ನು ಮೂಲೆಯಿಂದ ಹೊರಗೆಳೆದು ಅದೇ ಕುರ್ಚಿಯ ಮೇಲೆ ಕೂರಿಸಿದ. ಸದ್ದು ನಿಲ್ಲದ ಜಾಗದಲ್ಲಿ ಸದ್ದಿನ ಪೆಟ್ಟಿಗೆಯನ್ನೇ ಇಟ್ಟರೆ ಆ ಅಲೆಗೆ ಕಾಲೂರಲು ಆಸರೆ ಸಿಗದು. ನೆಲ ಬಿಟ್ಟು ಎತ್ತರಿಸಿದರೆ ಗುಂಯ್ ಇನ್ನಷ್ಟು ಇಳಿಯುತ್ತದೆ. ಲೇಖಕನಿಗೆ ಗೋಡೆಗೊರಗಿದ ಒಂದು ಮಣೆ ಸಿಕ್ಕಿತು. ಬೇಸಿನ ತಿರುಗಣೆಯನ್ನು ಅಣ್ಣ ಅರ್ಧಕ್ಕಿಂತ ಕೆಳಗೆ ತಂದು, “ಇನ್ ಇದ್ನ ಮುಟ್ಬ್ಯಾಡ” ಎಂದು ಬೆರಳು ತೋರಿಸಿದ. ಮೀಟಿದರೆ, ಇಷ್ಟು ದಿನ ಎಲ್ಲಿತ್ತೋ ಆ ಡಿ, ದುಂಡಗೆ, ಅಂಚು ಸಮೇತ, ವೀಣೆಯ ಕೊಡದಿಂದ ಎದ್ದ ಹಾಗೆ ಎದ್ದು ಬಂತು. ಎಲ್ಲರೂ ಗೋಡೆಯ ಕಡೆ ನೋಡಿದರು. ಎಂಟು ಲೋಟಗಳೂ ಮತ್ತೆ ಸಾಧುಗಳಾಗಿದ್ದವು. ಹೆಂಡತಿ ಅಣ್ಣನಿಗೆ ಇನ್ನೊಂದು ಲೋಟ ಕಾಫಿ ತಂದುಕೊಟ್ಟಳು, ಆ ಲೋಟಗಳಲ್ಲೇ ಒಂದರಲ್ಲಿ.

ಸಂಜೆ ಏಳಕ್ಕೆ ಲೇಖಕ ಮಣೆಯ ಮೇಲೆ ಚಕ್ಕಳಬಕ್ಕಳ ಹಾಕಿ ಕೂತ. ಆರನೇ ತಂತಿ ಮೀಟಿದ, ಸೊಗಸು. ಧೈರ್ಯ ಬಂದು ಐದನೆಯದನ್ನು, 110ರ ಎ ಸ್ವರವನ್ನು, ಮೀಟಿದ. ಕುರ್ಚಿ ಏರಿ ಕೂತ ಆಂಪಿನ ತೆರೆದ ಬೆನ್ನಿಗೆ ಎದುರಾಗಿ, ಪಕ್ಕದ ಗೋಡೆಯಲ್ಲಿ, ಎಷ್ಟೋ ವರ್ಷದಿಂದ ಅಲುಗದೆ ನೇತಾಡುತ್ತಿದ್ದ ಮದುವೆಯ ಫೋಟೋದ ಗಾಜು ‘ಝರ್ರ್’ ಎಂದಿತು.

ಸೌಟು ಬಾಗಿಲಿಗೆ ಬಂತು. ಫೋಟೋವನ್ನು ನೋಡಿತು, ಲೇಖಕನನ್ನು ನೋಡಿತು.

“ಲೋಟ ಹೋಗಿ ನಾವಿಬ್ಬರೇ ನಡುಗೋ ಹಾಗಾಯ್ತಲ್ಲ ರೀ” ಎಂದಳು ಹೆಂಡತಿ.